ಹೂಂ ಅನ್ನುವ ಕತ್ತು

ಕಾಳುಮೆಣಸು ಕುಯ್ಯಲು ಕಾಫಿ ಎಸ್ಟೇಟಿನ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ್ದ ಏಣಿ ಜಾರಿ ಧರ್ಮ ಬಿದ್ದಾಗ ಮೂಳೆ ಮುರಿಯಲಿಲ್ಲ. ತಲೆಯೊಳಗಿನ ಎಳೆಯಂಥ ಒಂದು ನರಕ್ಕೆ ಪೆಟ್ಟಾಯಿತು. "ಕಣ್ಣು ಚೆನ್ನಾಗಿದೆ, ಅದನ್ನು ಕೆಳಕ್ಕೆ ಹೊರಳಿಸೋ ನರ ಸೋತಿದೆ. ನಿಧಾನಕ್ಕೆ ಸರಿಹೋಗುತ್ತೆ, ಅಲ್ಲೀವರೆಗೆ ಏಣಿ ಹತ್ತಬೇಡ" ಎಂದರು ಹಾಸನದ ಡಾಕ್ಟರು. ಕತ್ತು ನೆಟ್ಟಗಿಟ್ಟರೆ ಒಂದು ವಸ್ತು ಎರಡಾಗಿ, ಒಂದರ ಮೇಲೊಂದು ಕೂತು ಕಾಣುತ್ತಿತ್ತು. ಎಡಭುಜಕ್ಕೆ ವಾಲಿಸಿದರೆ ಎರಡೂ ಒಂದಾಗುತ್ತಿದ್ದವು. ಅವನು ವಾಲಿಸಿಕೊಂಡೇ ತಿರುಗತೊಡಗಿದ.

ತಾಪತ್ರಯ ಶುರುವಾದದ್ದೇ ಅಲ್ಲಿ. ಹುಟ್ಟಿದಾಗಿನಿಂದ ಯಾರಿಗೂ ಹೂಂ ಅನ್ನದವನ ಕತ್ತು ಈಗ ಕಂಡಕಂಡವರಿಗೆಲ್ಲ ಹೂಂ ಅನ್ನುತ್ತಿತ್ತು.

ಬೆಳಿಗ್ಗೆ, ಆಳುಗಳ ಸಾಲುಮನೆಯ ಲೈನಿನಲ್ಲಿ ಪಕ್ಕದ ಮನೆಯ ದೇವೀರಮ್ಮ, "ಬೆಳಗೋಡಿಗೆ ಹೋಗ್ಬರ್ತೀನಿ ಕಣೋ, ಈ ಹೋತ ನೋಡ್ಕೊತೀಯಾ?" ಎಂದಳು.

"ಆಗಲ್ಲ ಕಣಜ್ಜಿ" ಎನ್ನುವಷ್ಟರಲ್ಲಿ ಹಗ್ಗ ಅವನ ಕೈಯಲ್ಲಿತ್ತು.

"ಬಾಯಿ ಒರಟಾದ್ರೂ ತಲೆ ಒಳ್ಳೇದು" ಎನ್ನುತ್ತ ಅಜ್ಜಿ ಬಸ್ಸಿಗೆ ನಡೆದಳು.

ಕಣ್ಣು ವಾಸಿಯಾಗುವವರೆಗೆ ಕಾಫಿ ಒಣಗಿಸುವ ಕಣ ಕಾಯುವ ಕೆಲಸವನ್ನು ಎಸ್ಟೇಟಿನ ಸಾವ್ಕಾರ್ರು ನಟರಾಜ್ ಅವನಿಗೆ ಕೊಟ್ಟಿದ್ದರು. ಆ ನೆರಳಿನ ಕುರ್ಚಿಯ ಮೇಲೆ ಆಳುಗಳ ಲೆಕ್ಕ ಬರೆಯುವ ರೈಟರ್ ಸಿದ್ದಬಸಪ್ಪನಿಗೆ ತನ್ನ ಬಾಮೈದನಿಗಾಗಿ ಆಸೆ. ಹೋತ ಹಗ್ಗ ಕಿತ್ತುಕೊಂಡು ಕಾಫಿಯ ಮೇಲೆ ಮೆರವಣಿಗೆ ಹೊರಟಿದ್ದೇ ಅವನಿಗೆ ನೆಪವಾಯಿತು.

"ಈ ಕೆಲ್ಸ ನಿನ್ ಕೈಲಾಗಲ್ಲ. ನಮ್ ಬಾಮೈದನಿಗೆ ಬಿಟ್ಟು ನೀನು ಏಣಿ ಹತ್ತೀಯ ತಾನೇ?"

"ಹತ್ತಲ್ಲ. ನಿಮ್ ಬಾಮೈದನ್ನೇ ಹತ್ಸಿ, ಕೆಳಗೆ ನಾನು ನಿಂತ್ಕೊಂಡು ಹೋತ ಮೇಯಿಸ್ತೀನಿ."

ಸಿದ್ದಬಸಪ್ಪ ಆಳುಗಳತ್ತ ತಿರುಗಿದ. "ಬಾಯಿ ಏನಾದ್ರೂ ಅನ್ಲಿ, ತಲೆ ಒಪ್ಕಂಡೈತೆ. ನೀವೆಲ್ಲ ನೋಡಿದ್ರಲ್ಲ?"

ಎಲ್ಲರೂ ನೋಡಿದ್ದರು. ಧರ್ಮ ಕೂಗಾಡಿದಷ್ಟೂ ಕತ್ತು ಭಾರ ಬಿದ್ದ ತಕ್ಕಡಿಯಂತೆ ಎಡಕ್ಕೇ ವಾಲಿತು.

ಮಧ್ಯಾಹ್ನ ಮರಳಿದ ದೇವೀರಮ್ಮ ಕೇಳಿ ಲೊಚಗುಟ್ಟಿದಳು. "ಸಂಜೆ ಸಾವ್ಕಾರ್ರ ಮುಂದೆ ಕತ್ತು ನೆಟ್ಟಗಿಟ್ಕೊ ಮಾರಾಯ. ಆಗ ಯಾವನು ಒಪ್ದೆ ಅಂತಾನೆ ನೋಡಾನ."

"ಪ್ರಾಣ ಹೋದ್ರೂ ವಾಲ್ಸಲ್ಲ" ಎಂದ ಧರ್ಮ.

ಸಂಜೆ ಜೀಪು ಬಂತು. ಧರ್ಮ ಬೇಲಿಗೂಟದಂತೆ ಸೆಟೆದು ನಿಂತ. ಎದುರಿಗೆ ಇಬ್ಬರು ನಟರಾಜ್, ಟಿಫನ್ ಕ್ಯಾರಿಯರ್ ಡಬ್ಬಿಗಳಂತೆ ಒಬ್ಬರ ಮೇಲೊಬ್ಬರು.

"ಕಣ ಬಿಡಾಕೆ ಇವ್ನು ಒಪ್ಬುಟ್ಟ ಸಾರ್" ಎಂದ ರೈಟರ್.

"ಸುಳ್ಳು ಸಾರ್. ನನ್ ಕತ್ತು ನೋಡಿ, ಎಲ್ಲಾದ್ರೂ ಅಲ್ಲಾಡ್ತೈತಾ?"

ನಟರಾಜ್ ಅವನ ಸುತ್ತ ಒಂದು ಸುತ್ತು ಬಂದರು. ಮುಖ ಅರಳಿತು. "ನೆಟ್ಟಗಾಗೋಗಿದೆಯಲ್ಲೋ. ಅಂದ್ರೆ ಕಣ್ಣು ವಾಸಿಯಾಯ್ತು. ರೈಟರ್ರೇ, ನಿಮ್ಮ ಬಾಮೈದನ್ನ ಕಣಕ್ಕೆ ಹಾಕಿ. ಇವನು ನಾಳೆಯಿಂದ ಏಣಿ ಹತ್ಲಿ. ಆಗ್ಬೋದಾ ಧರ್ಮ?"

ಆಗಲ್ಲ ಎಂದು ಮೇಲಿನವರಿಗೆ ಹೇಳಬೇಕೋ ಕೆಳಗಿನವರಿಗೋ? ಇಬ್ಬರನ್ನೂ ಒಂದು ಮಾಡಿಕೊಂಡು, ಮುಖಕ್ಕೆ ಹೊಡೆದಂತೆ ಹೇಳಿಬಿಡೋಣವೆಂದು ಧರ್ಮ ಕತ್ತನ್ನು ಎಡಕ್ಕೆ ವಾಲಿಸಿದ.

"ಒಳ್ಳೇ ಹುಡುಗ" ಎಂದು ನಟರಾಜ್ ಜೀಪು ಹತ್ತಿದರು.

"ಆಗಲ್ಲ, ಹತ್ತಲ್ಲ" ಎಂದು ಅರಚುತ್ತ ಧರ್ಮ ಬೆನ್ನಟ್ಟಿದ. ಜೀಪಿನ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಕನ್ನಡಿಯಲ್ಲಿ ಮಾತ್ರ, ತಲೆ ವಾಲಿಸಿ ಹೂಂ ಹೂಂ ಅನ್ನುತ್ತ ಓಡಿಬರುತ್ತಿದ್ದ ಆಳನ್ನು ಕಂಡು ನಟರಾಜ್ ಪ್ರೀತಿಯಿಂದ ಕೈ ಬೀಸಿದರು.