ಹನ್ನೊಂದು ಬೀಜ, ಹದಿನೇಳು ಸಸಿ

ಕನ್ನಡಕದಂಗಡಿಯ ಯಜಮಾನರು ಮನೆಯ ಫ್ರಿಜ್ಜಿನಿಂದ ಹಾಲು, ಬೆಣ್ಣೆ, ಟೊಮೆಟೊಗಳನ್ನೆಲ್ಲ ಒಕ್ಕಲೆಬ್ಬಿಸಿ, ನಡುವಿನ ಅಂತಸ್ತಿನಲ್ಲಿ ಮಣ್ಣು ತುಂಬಿದ ಪ್ಲಾಸ್ಟಿಕ್ ಟ್ರೇಯೊಂದನ್ನು ಪ್ರತಿಷ್ಠಾಪಿಸಿದಾಗ ಅವರ ಹೆಂಡತಿ, ಇದು ಎಷ್ಟು ದಿನ ಎಂದು ಕೇಳಿದರು.

"ಮೊಳಕೆ ಬರೋ ತನಕ."

"ಅಲ್ಲೀ ತನಕ ನಾವೇನು ತಿನ್ನೋದು?"

ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. (ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದಾಗಲೆಲ್ಲ ಅವರು ಹೀಗೆ ಮಾಡುತ್ತಾರೆ. ಮದುವೆಯಾದ ಇಪ್ಪತ್ತೇಳು ವರ್ಷಗಳಲ್ಲಿ ಆ ಗಾಜುಗಳು ಒರೆಸಿಕೊಂಡೇ ಅರ್ಧ ಸವೆದಿವೆ.)

ಈ ಹುಚ್ಚಿನ ಹಿಂದೆ ಘನವಾದ ಕಾರಣವೊಂದಿತ್ತು. ಹಿಂದಿನ ವರ್ಷ ಯಜಮಾನರು ಅಂಗಡಿಯ ಬೋರ್ಡು ಒರೆಸಲು ಏಣಿ ಹತ್ತಿ, ಇಳಿಯುವಾಗ ಏಣಿಯ ನೆರವಿಲ್ಲದೆ ಇಳಿದಿದ್ದರು. ಕಾಲು ಮುರಿದು ಮೂರು ತಿಂಗಳು ಮಂಚವೇ ಗತಿಯಾಯಿತು. ಆ ಮೂರು ತಿಂಗಳೂ ಹೆಂಡತಿ ಬೆಳಿಗ್ಗೆ ಅವರ ಮೈ ಒರೆಸಿ, ತಿಂಡಿ ತಿನ್ನಿಸಿ, ಓಡಿಹೋಗಿ ಅಂಗಡಿಯ ಬಾಗಿಲು ತೆಗೆದು, ಗಿರಾಕಿಗಳ ಮೂಗಿನ ಅಳತೆ ಬರೆದುಕೊಂಡು, ಸಂಜೆ ಬಂದು ಗಂಡನ ಗೊಣಗಾಟ ಕೇಳಿದ್ದರು. ಒಂದು ದಿನವೂ ಮುಖ ಸಿಂಡರಿಸಿರಲಿಲ್ಲ. ಅದನ್ನು ನೆನೆದರೆ ಯಜಮಾನರಿಗೆ ಎದೆ ತುಂಬಿ ಬರುತ್ತಿತ್ತು. ಆದರೆ ಬಾಯಿಬಿಟ್ಟು ಹೇಳುವ ಅಭ್ಯಾಸ ಆ ಮನೆಯಲ್ಲಿ ಇರಲಿಲ್ಲ. 'ಬಹಳ ಉಪಕಾರವಾಯ್ತು' ಎಂದು ಗಿರಾಕಿಗಳಿಗೆ ದಿನಕ್ಕೆ ಮೂವತ್ತು ಸಲ ಹೇಳುವವರು, ಹೆಂಡತಿಯ ಮುಂದೆ ನಿಂತರೆ ನಾಲಿಗೆ ಕಚ್ಚಿಕೊಂಡವರಂತೆ ಸುಮ್ಮನಾಗುತ್ತಿದ್ದರು. ಕಾಲು ಕೂಡಿ ತಿಂಗಳುಗಳೇ ಕಳೆದರೂ ಆ ಒಂದು ಮಾತು ಹೊರಬಿದ್ದಿರಲಿಲ್ಲ.

ಹೀಗಿರುವಾಗ ಅಂಗಡಿಗೊಂದು ಕ್ಯಾಲೆಂಡರ್ ಬಂತು. ಅದರಲ್ಲಿ ರನನ್‌ಕ್ಯುಲಸ್ ಎಂಬ ಹೂವಿನ ಚಿತ್ರ. ಎಸಳಿನೊಳಗೆ ಎಸಳು, ಅದರೊಳಗೆ ಮತ್ತೊಂದು, ಎಣಿಸಲು ಹೋದರೆ ತಲೆ ತಿರುಗಬೇಕು. ಊಟದ ಡಬ್ಬಿ ತಂದ ಹೆಂಡತಿ ಅದರ ಮುಂದೆ ನಿಂತವರು, "ಒಂದೇ ಹೂವಲ್ಲಿ ಇಷ್ಟೊಂದಾ," ಎಂದು ಡಬ್ಬಿ ಕೊಡುವುದನ್ನೇ ಮರೆತರು. ಯಜಮಾನರಿಗೆ ದಾರಿ ಹೊಳೆಯಿತು. ಮದುವೆಯಾದ ದಿನ ಬರಲು ಇನ್ನು ಐದು ತಿಂಗಳಿತ್ತು. ಅಂದು ಈ ಹೂವನ್ನು ಕೈಯಾರೆ ಬೆಳೆದು ಅವಳ ಕೈಗೆ ಕೊಟ್ಟುಬಿಟ್ಟರೆ ಮಾತಾಡುವ ಕಷ್ಟವೇ ತಪ್ಪುತ್ತದೆ.

ನರ್ಸರಿಯ ಹೆಂಗಸು ಗೆಡ್ಡೆ ಒಯ್ಯಿರಿ, ಹೂಳಿದರೆ ತಾನೇ ಬರುತ್ತದೆ, ಬೀಜದ ಸಹವಾಸ ನಿಮಗೆ ಬೇಡ ಎಂದು ಬುದ್ಧಿ ಹೇಳಿದಳು. ಇಂಥ ಮಾತು ಕೇಳಿದ ಮೇಲೆ ಯಜಮಾನರು ಗೆಡ್ಡೆ ಮುಟ್ಟುತ್ತಾರೆಯೇ? ತಾನೇ ಬರುವ ಹೂವಿನಲ್ಲಿ ತಮ್ಮ ಪುರುಷಪ್ರಯತ್ನವೇನು ಬಂತು ಎಂದುಕೊಂಡು ಬೀಜದ ಪೊಟ್ಟಣವನ್ನೇ ತಂದರು.

ಬೀಜವೋ, ಈರುಳ್ಳಿ ಸಿಪ್ಪೆಯ ಚೂರಿನಷ್ಟು ಹಗುರ. ಒಂದು ಭಾನುವಾರ ಬೆಳಿಗ್ಗೆ ಯಜಮಾನರು ಬೆಳಕಿಗಾಗಿ ಮೇಜನ್ನು ಕಿಟಕಿಯ ಬಳಿಗೆ ಎಳೆದು, ಬಿಳಿ ಕಾಗದ ಹಾಸಿ, ಕನ್ನಡಕದ ತಿರುಪು ಹಿಡಿಯುವ ಚಿಮಟದಿಂದ ಒಂದೊಂದೇ ಬೀಜವನ್ನು ಎತ್ತಿಟ್ಟು ಎಣಿಸತೊಡಗಿದರು. ಇಲ್ಲಿ ಅವರ ದೇಹಪ್ರಕೃತಿಯ ಬಗ್ಗೆ ಒಂದು ಮಾತು ಹೇಳಬೇಕು. ಕಣ್ಣು ಬಲು ಚುರುಕು, ಮೂಗು ಮಾತ್ರ ವರ್ಷವಿಡೀ ಬಂದ್. ಅವರ ನೆಗಡಿಗೆ ಅವರ ಅಂಗಡಿಗಿಂತ ಹೆಚ್ಚು ವಯಸ್ಸಾಗಿದೆ. ನಲವತ್ತನೆಯ ಬೀಜ ಕಾಗದ ಮುಟ್ಟಿದ ಗಳಿಗೆಯಲ್ಲೇ ಸೀನು ಬಂತು. ಬಂತು ಎನ್ನುವುದಕ್ಕಿಂತ ದಂಡೆತ್ತಿ ಬಂತು ಎನ್ನಬೇಕು. ಕಣ್ಣು ಬಿಟ್ಟು ನೋಡಿದರೆ ಕಾಗದ ಖಾಲಿ.

ಸದ್ದು ಕೇಳಿ ಹೆಂಡತಿ ಅಡುಗೆಮನೆಯಿಂದ ಬಂದರು. ಯಜಮಾನರ ಬಾಯಿಂದ ತಪ್ಪೊಪ್ಪಿಗೆ ಬರಬೇಕಿತ್ತು. "ಫ್ಯಾನ್ ಯಾಕೆ ಹಾಕ್ದೆ? ಬೀಜ ಎಲ್ಲ ಹಾರಿಹೋಯ್ತು ನೋಡು," ಎಂಬ ಆಪಾದನೆ ಬಂತು.

ಹೆಂಡತಿ ತಲೆಯೆತ್ತಿ ಫ್ಯಾನನ್ನು ನೋಡಿದರು. ಆಮೇಲೆ ಗಂಡನ ಮೂಗನ್ನು ನೋಡಿದರು. ಆಮೇಲೆ ಪೊರಕೆ ತರಲು ಹೋದರು.

ಯಜಮಾನರು ಭೂತಗನ್ನಡಿ ಹಿಡಿದು ನಾಲ್ಕು ಕಾಲಲ್ಲಿ ನೆಲವೆಲ್ಲ ತಡಕಿ ಹನ್ನೊಂದು ಬೀಜಗಳನ್ನು ಬದುಕಿಸಿಕೊಂಡರು. ಉಳಿದದ್ದನ್ನು ಹೆಂಡತಿ ಕಸದ ಜೊತೆ ಗುಡಿಸಿ, ಹಿತ್ತಿಲ ಬಾಗಿಲ ಪಕ್ಕದ ಹಳೆಯ ವಾಶ್‌ಬೇಸಿನ್ನಿಗೆ ಸುರಿದರು. ಬಿರುಕು ಬಿಟ್ಟ ಆ ಬೇಸಿನ್ನು ಗೋಡೆಯ ನೆರಳಲ್ಲಿ ಕೂತು, ಟೀ ಚರಟ, ತರಕಾರಿ ಸಿಪ್ಪೆ ಎಲ್ಲ ನುಂಗಿ ಮಣ್ಣಾಗಿಸಿಕೊಂಡಿತ್ತು. ಮೇಲೊಂದು ನಲ್ಲಿ ತೊಟ್ಟಿಕ್ಕುತ್ತಿತ್ತು. ರಿಪೇರಿ ಮಾಡಿ ಎಂದು ಹೆಂಡತಿ ಎರಡು ವರ್ಷದಿಂದ ಹೇಳುತ್ತಿದ್ದರು, ನಾಳೆ ಎಂದು ಯಜಮಾನರೂ ಎರಡು ವರ್ಷದಿಂದ ಹೇಳುತ್ತಿದ್ದರು.

ಬೀಜಕ್ಕೆ ತಂಪು ಬೇಕೆಂದು ಪೊಟ್ಟಣದ ಮೇಲೆ ಬರೆದಿತ್ತು. ಹೀಗಾಗಿ ಹನ್ನೊಂದು ಬೀಜಗಳ ಟ್ರೇ ಫ್ರಿಜ್ಜಿಗೆ ಹೋಯಿತು. ತಂಪು ಒಳ್ಳೆಯದಾದರೆ ಹೆಚ್ಚು ತಂಪು ಇನ್ನೂ ಒಳ್ಳೆಯದಲ್ಲವೇ? ಯಜಮಾನರು ಫ್ರಿಜ್ಜಿನ ಗುಂಡಿಯನ್ನು ಕೊನೆಯ ಅಂಕಿಗೆ ತಿರುಗಿಸಿದರು. ಬಾಗಿಲ ಸಂದಿಯಲ್ಲಿ ಆಶ್ರಯ ಪಡೆದಿದ್ದ ಹಾಲು ಕಲ್ಲಾಯಿತು, ಸೌತೆಕಾಯಿಯಿಂದ ಮೊಳೆ ಹೊಡೆಯಬಹುದಾಗಿತ್ತು. ಹೂವಿನ ಹೆಸರಿಗೆ ನಾಲಿಗೆ ಹೊರಳದ ಹೆಂಡತಿ, "ನಿಮ್ಮ ರಾಣಿಗೆ ಇನ್ನೂ ಬೆಳಗಾಗ್ಲಿಲ್ವಾ?" ಎಂದು ದಿನಾ ವಿಚಾರಿಸುತ್ತಿದ್ದರು. ಯಜಮಾನರು, ಅವತ್ತು ಫ್ಯಾನ್ ಹಾಕದೇ ಇದ್ದಿದ್ದರೆ ನಲವತ್ತು ರಾಣಿಯರಿರುತ್ತಿದ್ದರು ಎಂದು ತಿರುಗೇಟು ಕೊಡುತ್ತಿದ್ದರು.

ನಲವತ್ತು ದಿನವಾದರೂ ಮಣ್ಣು ಮಣ್ಣಾಗಿಯೇ ಉಳಿಯಿತು. ಯಜಮಾನರು ಟ್ರೇಯನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟು ಮಂಕಾದರು. ತಟ್ಟೆಯಲ್ಲಿ ಅರ್ಧ ಊಟ ಬಿಟ್ಟು ಏಳತೊಡಗಿದರು. ಗಿರಾಕಿಯೊಬ್ಬರಿಗೆ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಹಾಕಿಕೊಟ್ಟರು. ಹೂವು ಯಾರಿಗೆಂದು ಹೆಂಡತಿಗೆ ಗೊತ್ತಿರಲಿಲ್ಲ. ಗಂಡ ಸೊರಗುತ್ತಿದ್ದಾರೆ ಎಂಬುದಷ್ಟೇ ಕಾಣುತ್ತಿತ್ತು. ಒಂದು ದಿನ ಗಂಡ ಅಂಗಡಿಗೆ ಹೋದದ್ದೇ ತಡ, ಆಕೆ ಅಡುಗೆಮನೆಯ ಡಬ್ಬದಿಂದ ಒಂದು ಚಿಟಿಕೆ ಕೊತ್ತಂಬರಿ ಬೀಜ ತೆಗೆದು, ಅಂಗೈಯಲ್ಲಿ ಉಜ್ಜಿ ಒಡೆದು, ಟ್ರೇಯ ಮಣ್ಣಿಗೆ ಸೇರಿಸಿಬಿಟ್ಟರು. ಏನೋ ಒಂದು ಹಸಿರು ಕಂಡರೆ ಮನುಷ್ಯ ಹೊಟ್ಟೆ ತುಂಬ ಉಂಡಾನು ಎಂಬುದಷ್ಟೇ ಅವರ ಆಸೆ.

ಹತ್ತನೆಯ ದಿನ ಯಜಮಾನರ ಕೂಗಿಗೆ ಬೀದಿಯೇ ಎದ್ದಿತು. ಹನ್ನೊಂದು ಬೀಜಕ್ಕೆ ಹದಿನೇಳು ಸಸಿ. ಲೆಕ್ಕ ತಪ್ಪಿತಲ್ಲ ಎಂದು ಹೆಂಡತಿ ಮೆಲ್ಲಗೆ ಕೆಣಕಿದಾಗ, ಉತ್ತಮ ತಳಿಗಳಲ್ಲಿ ಅವಳಿ ಜವಳಿ ಸಾಮಾನ್ಯ ಎಂದು ವಿವರಿಸಿದರು. ಅಂದು ಎರಡು ಸಲ ಬಡಿಸಿಕೊಂಡು ಉಂಡರು.

ಆಮೇಲೆ ಹುಳುವಿನ ಕಾಟ ಶುರುವಾಯಿತು. ದಿನ ಬಿಟ್ಟು ದಿನ ಎಲೆಗಳು ಮಾಯವಾಗುತ್ತಿದ್ದವು, ಅದೂ ಕತ್ತರಿಸಿದಷ್ಟು ನೀಟಾಗಿ. ಯಜಮಾನರು ಬೆಳಿಗ್ಗೆ ಭೂತಗನ್ನಡಿ ಹಿಡಿದು ಹುಳುವನ್ನು ಹುಡುಕುತ್ತಿದ್ದರು, ಮಧ್ಯಾಹ್ನ ಡಬ್ಬಿ ತೆರೆದು ಊಟದ ಮೇಲೆ ಉದುರಿಸಿದ ಸೊಪ್ಪನ್ನು ಸವಿಯುತ್ತಿದ್ದರು. ಬೇಸಾಯಗಾರನ ಕಷ್ಟ ಸುಖ ಅಂಗಡಿಗೆ ಬಂದವರಿಗೆಲ್ಲ ತಿಳಿಯಿತು. ಇದೇ ಆವೇಶದಲ್ಲಿ ಹಿತ್ತಿಲಿಗೂ ನುಗ್ಗಿ, ಬೇಸಿನ್ನಿನಲ್ಲಿ ಬೆಳೆದಿದ್ದ ಕಳೆಯನ್ನು ನಾಲ್ಕು ಬುಡ ಕಿತ್ತೆಸೆದರು. ಐದನೆಯದಕ್ಕೆ ಕೈ ಹಾಕುವಾಗ ಹೆಂಡತಿ ತಡೆದರು. ನೋಡಲು ಕೊತ್ತಂಬರಿ ಎಲೆಯಂತಿದೆ, ಮೂಸಿದರೆ ಆ ವಾಸನೆಯಿಲ್ಲ, ಏನೋ ಇರಬೇಕು, ಇರಲಿ ಬಿಡಿ ಎಂದರು. ಮೂಸುವ ಕಸುಬೇ ಗೊತ್ತಿಲ್ಲದ ಯಜಮಾನರು ನಕ್ಕು ಬಿಟ್ಟುಕೊಟ್ಟರು.

ಕೊನೆಗೂ ಮದುವೆಯಾದ ಆ ದಿನ ಬಂತು. ಟ್ರೇಯಲ್ಲಿ ಪುಟ್ಟ ಪುಟ್ಟ ಬಿಳಿ ಹೂಗಳು ಕೊಡೆಯಂತೆ ಬಿಚ್ಚಿಕೊಂಡಿದ್ದವು. ಕ್ಯಾಲೆಂಡರಿನ ಹೂವಿಗೂ ಇದಕ್ಕೂ ತಾಳೆಯಾಗದಿದ್ದರೂ, ಚಿಕ್ಕಂದಿನಲ್ಲಿ ಎಲ್ಲರೂ ಹೀಗೇ ಎಂದು ಸಮಾಧಾನ ಮಾಡಿಕೊಂಡು, ಯಜಮಾನರು ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರನ್ನು ಸಾಕ್ಷಿಗೆ ಕರೆತಂದರು. ಮೇಷ್ಟ್ರು ಬಗ್ಗಿದರು, ಒಂದು ಎಲೆ ಕಿತ್ತು ಹೊಸಕಿದರು, ಮೂಸಿದರು.

"ಯಜಮಾನ್ರೇ, ಇದು ಕೊತ್ತಂಬರಿ," ಎಂದರು. ಒಳ್ಳೆಯ ಮನುಷ್ಯ, ನಗದೆ ಮನೆಗೆ ಹೋದರು.

ಯಜಮಾನರು ಕಟ್ಟೆಯ ಪಕ್ಕದಲ್ಲೇ ಕುಸಿದು ಕೂತರು. ಹೆಂಡತಿ ಬಂದು ನಡೆದದ್ದನ್ನೆಲ್ಲ ಒಪ್ಪಿಕೊಂಡರು. "ನೀವು ಊಟ ಬಿಟ್ಟಿದ್ರಲ್ಲ, ಅದಕ್ಕೇ," ಎಂದರು. ಆಮೇಲೆ ಅವರ ಕೈ ಹಿಡಿದು ಎಬ್ಬಿಸಿ ಹಿತ್ತಿಲಿಗೆ ಕರೆದೊಯ್ದರು.

ಬಿರುಕು ಬೇಸಿನ್ನಿನ ಕಳೆಯ ನಡುವೆ ಒಂದು ಹೂವು ಅರಳಿತ್ತು. ಎಸಳಿನೊಳಗೆ ಎಸಳು, ಅದರೊಳಗೆ ಮತ್ತೊಂದು.

ಯಜಮಾನರು ಮೂಗು ಮುಚ್ಚಿಕೊಂಡು, ಉಸಿರು ಬಿಗಿಹಿಡಿದು, ಬಹಳ ಹೊತ್ತು ನೋಡಿದರು. ಹೂವನ್ನು ಕೊಡಬೇಕೆಂದಿದ್ದವರು ಇವರು, ಬೆಳೆದವರು ಆಕೆ. ಇನ್ನು ಕೊಡಲು ಉಳಿದದ್ದು ಆ ಮಾತೊಂದೇ. ಕನ್ನಡಕ ತೆಗೆದರು, ಆದರೆ ಒರೆಸಲಿಲ್ಲ.

"ಕಾಲು ಮುರಿದಾಗ ನೀನು ಮಾಡಿದ್ದಕ್ಕೆ ಏನಾದ್ರೂ ಹೇಳ್ಬೇಕು ಅಂತಿದ್ದೆ. ಬಾಯಿ ಬರ್ಲಿಲ್ಲ. ಅದಕ್ಕೇ ಇಷ್ಟೆಲ್ಲ. ಬಹಳ ಉಪಕಾರ ಆಯ್ತು ಕಣೆ."

ಹೆಂಡತಿಯ ಕಣ್ಣಲ್ಲಿ ನೀರಾಡಿತು. "ಇಷ್ಟು ಹೇಳೋಕೆ ನನ್ನ ಫ್ರಿಜ್ ಯಾಕೆ ಬೇಕಿತ್ತು?" ಎಂದರು.

ಒಂದು ಮಾತು ಹೊರಬಿದ್ದ ಧೈರ್ಯಕ್ಕೆ ಯಜಮಾನರು ಇನ್ನೊಂದನ್ನೂ ಹೊರಹಾಕಿದರು. "ಅವತ್ತು ಬೀಜ ಹಾರಿದ್ದು ಫ್ಯಾನಿಂದ ಅಲ್ಲ. ನಾನು ಸೀನಿದ್ದು."

"ಗೊತ್ತು. ಅವತ್ತು ಬೆಳಿಗ್ಗೆಯಿಂದ ಕರೆಂಟೇ ಇರ್ಲಿಲ್ಲ."

"ಮತ್ತೆ ಐದು ತಿಂಗಳು ಸುಮ್ನೆ ಬೈಸ್ಕೊಂಡ್ಯಲ್ಲ?"

"ನಾನು ಏಣಿ ಹಿಡ್ಕೊಳ್ಲಿಲ್ಲ ಅಂತ ಮೂರು ತಿಂಗಳು ಬೈದ್ರಿ. ನೀವು ಬಿದ್ದಾಗ ನಾನು ಊರಲ್ಲೇ ಇರ್ಲಿಲ್ಲ. ಅಭ್ಯಾಸ ಆಗಿದೆ."

ಯಜಮಾನರಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಈ ಹೆಂಗಸಿಗಾಗಿ ಈಗಲೇ, ಈ ಗಳಿಗೆಯಲ್ಲೇ ಏನಾದರೂ ಮಾಡಬೇಕು. ಒಳಗೆ ಓಡಿಹೋಗಿ ಎರಡು ವರ್ಷದಿಂದ ತುಕ್ಕು ಹಿಡಿಯುತ್ತಿದ್ದ ಸ್ಪ್ಯಾನರ್ ಹುಡುಕಿ ತಂದು, ತೊಟ್ಟಿಕ್ಕುವ ನಲ್ಲಿಗೆ ಕೈ ಹಾಕಿದರು.

"ಆ ನಲ್ಲಿ ಮುಟ್ಟಿದ್ರೆ ನೋಡಿ," ಎಂದು ಹೆಂಡತಿ ಸ್ಪ್ಯಾನರ್ ಕಿತ್ತುಕೊಂಡರು. "ಇನ್ನೂ ಎರಡು ಮೊಗ್ಗಿದೆ."