ಡಾಕ್ಟರ ಮೂಗಿನ ನೆರಳು

ಹುರಿದ ಶೇಂಗಾ ಮೊರದಲ್ಲಿ ಹಾಕಿಕೊಂಡು ಸಿಪ್ಪೆ ತಿಕ್ಕುತ್ತ ಕೂತಿದ್ದೆ. ಫೋನು ಬಂತು. ಆ ಕಡೆಯಿಂದ ನಮ್ಮ ಯಜಮಾನರ ಚಿಕ್ಕಮ್ಮ ಕಾಕೂ ಅಳುದನಿಯಲ್ಲಿ, "ನಿಮ್ಮ ಕಾಕಾ ಕಣ್ಣಿನ ಆಪರೇಷನ್ ಒಲ್ಲೆ ಅಂತ ದವಾಖಾನಿಯಿಂದ ಎದ್ದು ಬಂದಾರವಾ" ಎಂದರು.

"ಯಾಕ್ರಿ ಕಾಕೂ? ಅಂಜಿದ್ರೇನು?"

"ಅಂಜಿಕಿ ಎಲ್ಲೀದು! ಅಲ್ಲಿ ಗ್ವಾಡಿಗೆ ಡಾಕ್ಟರ ಫೋಟೋ ಹಾಕ್ಯಾರ. ಅದರಾಗ ಮೂಗಿನ ನೆರಳು ಗಲ್ಲದ ಮ್ಯಾಲೆ ಬಿದ್ದದಂತ. ತನ್ನ ಮಾರಿಗೆ ಬೆಳಕು ಎಲ್ಲಿಂದ ಬರಬೇಕು ಅಂತ ಗೊತ್ತಿಲ್ಲದಾಂವ ನನ್ನ ಕಣ್ಣಿಗೆ ಏನು ಬೆಳಕು ಕೊಡ್ತಾನ ಅಂತಾರ!"

ನೀವೇ ಹೇಳಿ, ಸೂಜಿ ನೋಡಿ ಎದ್ದು ಬಂದವರಿದ್ದಾರೆ, ಫೀಸು ಕೇಳಿ ಎದ್ದು ಬಂದವರಿದ್ದಾರೆ. ಗೋಡೆಯ ಫೋಟೋ ನೋಡಿ ಎದ್ದು ಬಂದವರು ಇಡೀ ಪುಣೆಯಲ್ಲಿ ನಮ್ಮ ಯಜಮಾನರ ಈ ಕಾಕಾ ಒಬ್ಬರೇ ಇರಬೇಕು!

ನಕ್ಕುಬಿಡುವ ಮಾತಾಗಿರಲಿಲ್ಲ ಅದು. ಹುಡುಗರಾಗಿದ್ದಾಗ ಚಿಣಿಫಣಿ, ಅಂದರೆ ಚಿನ್ನಿದಾಂಡು, ಆಡುವಾಗ ಕಾಕಾನ ಎಡಗಣ್ಣು ಹೋಗಿತ್ತು. ಉಳಿದದ್ದು ಬಲಗಣ್ಣು, ಕ್ಯಾಮೆರಾಕ್ಕೆ ಹಚ್ಚುವ ಕಣ್ಣು. ಅದಕ್ಕೆ ಪೊರೆ ಬಂದು ಬಲಿತಿತ್ತು. ಇನ್ನು ತಡ ಮಾಡಿದರೆ ಅದೂ ಹೋದೀತು ಎಂದು ಡಾಕ್ಟರು ಹೇಳಿದ್ದರು. ಕಾಕಾ ಮಾತ್ರ ಮೊದಲಿನಿಂದಲೂ ತಮ್ಮ ಒಕ್ಕಣ್ಣನ್ನು ದೇವರ ಕೊಡುಗೆ ಎಂದೇ ಹೇಳಿಕೊಂಡು ಬಂದವರು. "ಉಳಿದ ಫೋಟೋಗ್ರಾಫರು ಒಂದು ಕಣ್ಣು ಮುಚ್ಚಬೇಕು. ನನಗ ಆ ತ್ರಾಸ ಇಲ್ಲ ನೋಡು!"

ನಾನು ಮದುವೆಯಾಗಿ ಪುಣೆಗೆ ಬಂದದ್ದು ತೊಂಬತ್ತರ ದಶಕದಲ್ಲಿ. ಆಗ ದೇಹೂ ರೋಡಿನಲ್ಲಿ ಕಾಕಾನ ಸಣ್ಣ ಸ್ಟುಡಿಯೋ ಇತ್ತು. ಗಿರಾಕಿಗಳೆಲ್ಲ ಹೆಚ್ಚಾಗಿ ಊರಿಗೆ ಫೋಟೋ ಕಳಿಸುವ ಮಿಲಿಟರಿ ಜವಾನರು. ಕಾಕಾ ಯಾರಿಗೂ 'ನಗ್ರಿ' ಎನ್ನುತ್ತಿರಲಿಲ್ಲ. "ನಗು ಅಂದರ ಮಂದಿ ಹಲ್ಲು ತೋರಸ್ತಾರ, ನಗೂದಿಲ್ಲ. ಮನ್ಯಾಗಿನ ಎಮ್ಮಿ ಎಷ್ಟು ಹಾಲು ಕೊಡತದ ಅಂತ ಕೇಳಬೇಕು. ಆವಾಗ ಮಾರಿ ಅರಳತದ" ಎನ್ನುವರು. ಒಂದು ದಿನ ಹಾಗೇ ಕೇಳಿದರೆ ಆ ಜವಾನ ಗೊಳೋ ಎಂದು ಅಳಲಿಕ್ಕೇ ಶುರುಮಾಡಿದ! ಅವರ ಎಮ್ಮೆ ಹಿಂದಿನ ವಾರವಷ್ಟೇ ಸತ್ತಿತ್ತಂತೆ. ಕಾಕಾ ಅವನಿಗೆ ಚಹಾ ಕುಡಿಸಿ, ಬೆನ್ನು ಸವರಿ, ನಾಳೆ ಬಾ ಎಂದು ಕಳಿಸಿದರು. ಅಂದಿನಿಂದ ಪಾಠಕ್ಕೆ ತಿದ್ದುಪಡಿ ಬಂತು: "ಮೊದಲ ಎಮ್ಮಿ ಅದನೋ ಇಲ್ಲೋ ಕೇಳು. ಆಮ್ಯಾಲೆ ಹಾಲು ಕೇಳು."

ಮದುವೆ ಮನೆಯಲ್ಲಂತೂ ಕೇಳಬೇಡಿ! ಆಗ ರೀಲಿನ ಕಾಲ. ಒಂದೊಂದು ಫೋಟೋವನ್ನೂ ಜೋಪಾನವಾಗಿ ಖರ್ಚು ಮಾಡಬೇಕು. ನನ್ನ ಮೈದುನನ ಮದುವೆಯಲ್ಲಿ ಕಾಕಾನ ಅಕ್ಕ, ಅಂದರೆ ನಮ್ಮ ಯಜಮಾನರ ಸೋದರತ್ತೆ, ಮಂಟಪದಿಂದ ಇಳಿಯಲೇ ಇಲ್ಲ. ಬೀಗರ ಜೊತೆ ಒಂದು, ಬೀಗರ ಅಕ್ಕನ ಜೊತೆ ಒಂದು, ಹೊಸ ಸೀರೆ ಉಟ್ಟು ಬಂದು ಮತ್ತೊಂದು! ಕಾಕಾ ಬೇಸರವಿಲ್ಲದೆ ಫ್ಲ್ಯಾಶ್ ಫಳ್ ಫಳ್ ಎನಿಸುತ್ತಲೇ ಇದ್ದರು. ಆಲ್ಬಮ್ ಬಂದಾಗ ನೋಡಿದರೆ ಅತ್ತೆ ಒಂದೇ ಒಂದು ಫೋಟೋದಲ್ಲಿ!

"ಎಲ್ಲೋ ನನ್ನ ಉಳಿದ ಫೋಟೋ?" ಎಂದು ಅತ್ತೆ ಜಗಳಕ್ಕೇ ನಿಂತರು.

"ಅಕ್ಕಾ, ರೀಲ್ ತಾಳಿಗೆ ಇಟ್ಟಿದ್ದೆ. ನಿನ್ನ ಮನಸು ಮುರೀಬಾರದಂತ ಬರೇ ಬೆಳಕು ಕೊಟ್ಟೆ."

ಎರಡು ಸಾವಿರ ಇಸವಿ ದಾಟಿ ಡಿಜಿಟಲ್ ಕ್ಯಾಮೆರಾ ಬಂದಮೇಲೆ ಕಾಕಾನ ಗಿರಾಕಿಗಳು ಕಡಿಮೆಯಾದರು, ಸಲಹೆ ಕೇಳುವವರು ಹೆಚ್ಚಾದರು. ನಮ್ಮ ಬಿಲ್ಡಿಂಗಿನಲ್ಲಿ ಹಿಂಜವಾಡಿಗೆ ಕೆಲಸಕ್ಕೆ ಹೋಗುವ ಬೆಂಗಳೂರಿನ ಹುಡುಗನೊಬ್ಬ ಮಗುವಿನಷ್ಟು ತೂಕದ ಕ್ಯಾಮೆರಾ ಹೊತ್ತು ಕಾಕಾನ ಹತ್ತಿರ ಬಂದ.

"ಅಂಕಲ್, ಶನಿವಾರ ಭಾನುವಾರ ಮದ್ವೆ ಫೋಟೋ ತೆಗೆಯೋಣ ಅಂತಿದೀನಿ. ಯಾವ ಲೆನ್ಸ್ ತಗೊಳ್ಲಿ?"

"ಮೊದಲ ಚಪ್ಪಲ್ ತಗೋರಿ."

"ಚಪ್ಲೀನಾ?"

"ಹೌದ್ರಿ. ಈ ಬೂಟು ಹಾಕ್ಕೊಂಡು ಹೋದ್ರ ಮಂಟಪದ ಮುಂದ ನೀವು ಲೇಸ್ ಬಿಚ್ಚೂದರಾಗ ಅವ ತಾಳಿ ಕಟ್ಟಿ ಮುಗಿಸಿರತಾನ. ಇನ್ನೊಂದು, ಉಪವಾಸ ಕ್ಯಾಮೆರಾ ಹಿಡೀಬ್ಯಾಡ್ರಿ, ಕೈ ನಡಗತದ. ಹೋದಕೂಡಲೆ ಅಡಗಿ ಭಟ್ಟರನ್ನ ದೋಸ್ತ ಮಾಡ್ಕೋರಿ. ಆಮ್ಯಾಲೆ ವರನ್ನ."

ಆ ಹುಡುಗ ನಕ್ಕ. ಆದರೆ ಮುಂದಿನ ಮದುವೆಗೆ ಚಪ್ಪಲಿಯಲ್ಲೇ ಹೋದ!

ಹೀಗೆ ಊರಿಗೆಲ್ಲ ಪಾಠ ಹೇಳುವವರ ಫೋಟೋಗಳಲ್ಲೇ ಏನೋ ಎಡವಟ್ಟು ಶುರುವಾಗಿತ್ತು. ನಮ್ಮ ನಾದಿನಿಯ ಮಗುವಿನ ನಾಮಕರಣದ ಫೋಟೋದಲ್ಲಿ ತೊಟ್ಟಿಲ ಸರಪಳಿ ಸ್ಪಷ್ಟ, ಗೋಡೆಯ ಮೊಳೆ ಸ್ಪಷ್ಟ, ಮಗು ಮಾತ್ರ ಮಂಜು ಮಂಜು. "ಈಗ ಹಿಂಗ ಫ್ಯಾಷನ್ ಅದ" ಎಂದರು ಕಾಕಾ. ನಾವು ನಗಲಿಲ್ಲ. ಕಾಕೂ ಎದ್ದು ಅಡಿಗೆಮನೆಗೆ ಹೋದರು.

ಅದಕ್ಕೇ ಆ ಫೋನು ಬಂದ ಮರುದಿನ ಕಾಕಾನನ್ನು ಮತ್ತೆ ಎಬ್ಬಿಸಿಕೊಂಡು ಹೊರಟೆವು. ರಿಕ್ಷಾದವನು ತಕರಾರಿಲ್ಲದೆ ಮೀಟರ್ ಹಾಕಿದ. ಅದೂ ವಿಠ್ಠಲನ ಕೃಪೆಯೇ ಎಂದುಕೊಂಡೆ. ಡಾಕ್ಟರಿಗೆ ನಾನೇ ನಾಚಿಕೆ ಬಿಟ್ಟು ಫೋಟೋದ ವಿಷಯ ಹೇಳಿದೆ. ಆ ಪುಣ್ಯಾತ್ಮರು ಸಿಟ್ಟಾಗಲಿಲ್ಲ. "ಮಗ ಕಾಕಾ, ತುಮ್ಹೀಚ್ ಕಾಢಾ ನಾ!" ಎಂದು ಮರಾಠಿಯಲ್ಲಿ ಹೇಳಿದರು. ಹಾಗಾದರೆ ನೀವೇ ತೆಗೆಯಿರಿ ಎಂದು!

ಕಾಕಾನ ಹೆಗಲ ಚೀಲದಲ್ಲಿ ಹಳೆಯ ಕ್ಯಾಮೆರಾ ಇದ್ದೇ ಇರುತ್ತಿತ್ತು. ಡಾಕ್ಟರ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿದರು. ಮುಖ ಸರಿಯಾಗಿ ಕಾಣುತ್ತಿರಲಿಲ್ಲವಲ್ಲ, ಹೂ ಮಾರುವವರಂತೆ ಮೊಳ ಹಾಕಿ ದೂರ ಅಳೆದರು. ಅದೇ ಲೆಕ್ಕಕ್ಕೆ ಲೆನ್ಸ್ ತಿರುಗಿಸಿ ಒಂದು ಫೋಟೋ ತೆಗೆದರು. "ನನ್ನ ಕೆಲಸ ಆತು. ಈಗ ನೀವು ನಿಮ್ಮ ಕೆಲಸ ಮಾಡ್ರಿ" ಎಂದು ಮರಾಠಿಯಲ್ಲಿ ಹೇಳಿ, ತಾವಾಗಿಯೇ ಒಳಗೆ ನಡೆದರು. ಆ ಫೋಟೋ ಹೇಗೆ ಬಂತು ಎಂದಿರಾ? ಮುಂದೆ ರೀಲು ತೊಳೆಸಿದಾಗ ನೋಡಿದೆವು. ಮೂಗಿನ ನೆರಳು ಇರಲಿಲ್ಲ. ಅರ್ಧ ತಲೆಯೂ ಇರಲಿಲ್ಲ!

ಆಪರೇಷನ್ ಮುಗಿಯಿತು. ವಿಠ್ಠಲಾ, ಎರಡು ಬೇಡುವುದಿಲ್ಲ, ಇದೊಂದನ್ನು ಉಳಿಸು ಎಂದು ಆ ರಾತ್ರಿಯಿಡೀ ಬೇಡಿಕೊಂಡೆ.

ಮರುದಿನ ಪಟ್ಟಿ ಬಿಚ್ಚಿದರು. ಕಾಕಾ ಕಣ್ಣು ಪಿಳುಕಿಸಿದರು. ಡಾಕ್ಟರು ಏನು ಕಾಣುತ್ತದೆ ಎಂದು ಕೇಳಿದರು. ಆ ಕಣ್ಣು ಕಿಟಕಿಯ ಮೇಲೆ ಹಾಯಿತು, ನನ್ನ ಮೇಲೆ ಹಾಯಿತು, ಮಂಚದ ಬದಿಗೆ ನಿಂತಿದ್ದ ಕಾಕೂನ ಮೇಲೆ ಬಂದು ನಿಂತಿತು.

"ಏ, ನಿನ್ನ ಕೂದಲಾ ಇಷ್ಟು ಬೆಳ್ಳಗ ಯಾವಾಗ ಆದವು?"

ಕಾಕೂ ಕಣ್ಣೊರೆಸಿಕೊಂಡು, "ನೀವು ಮಂದಿ ಮದುವಿ ಫೋಟೋ ತೆಗೀಲಿಕ್ಕೆ ಹೋದಾಗ" ಎಂದರು.

ಕಾಕಾ ಕೈ ಚಾಚಿ, ಆಕೆಯ ತಲೆಯ ಮೇಲಿನ ಸೆರಗನ್ನು ತುಸು ಹಿಂದೆ ಸರಿಸಿ, ನೋಡುತ್ತಲೇ ಇದ್ದರು.

ಅಲ್ಲಿ ನನ್ನ ಕೆಲಸವೇನಿತ್ತು? ಮನೆಗೆ ಬಂದೆ. ನಲ್ಲಿಯಲ್ಲಿ ನೀರು ಬಂದಿತ್ತು. ಕೊಡಗಳನ್ನು ತಿಕ್ಕಿ ತೊಳೆದು, ಒಂದೊಂದಾಗಿ ತುಂಬತೊಡಗಿದೆ.