ನನ್ನ ಬಾಯಿಗೆ ಬಿದ್ದ ಪ್ರಾರ್ಥನಾ ವಿಷಯ

ಕೆಲವರಿಗೆ ಹಾಡು ಒಲಿಯುತ್ತದೆ, ಕೆಲವರಿಗೆ ವ್ಯಾಪಾರ ಕೈ ಹತ್ತುತ್ತದೆ. ನನಗೆ ಒಲಿದದ್ದು ಪ್ರಾರ್ಥನೆ. ಹೀಗೆಂದ ಕೂಡಲೇ ನನ್ನನ್ನು ದೊಡ್ಡ ಭಕ್ತನೆಂದು ತಪ್ಪು ತಿಳಿಯಬೇಡಿ. ನನಗೆ ಒಲಿದದ್ದು ಎಲ್ಲರ ಮುಂದೆ ನಿಂತು, ಗಟ್ಟಿಯಾಗಿ ಮಾಡುವ ಪ್ರಾರ್ಥನೆ. ಚಳ್ಳಕೆರೆಯ ನಮ್ಮ ಪುಟ್ಟ ಸಭೆಯಲ್ಲಿ ಯಾರು ಹೊಸ ಬೈಕು ತಂದರೂ, ಯಾರ ಮಗುವಿನ ಹುಟ್ಟುಹಬ್ಬ ಬಂದರೂ, ಯಾರು ಬಾಡಿಗೆ ಮನೆ ಬದಲಾಯಿಸಿದರೂ "ಲ್ಯಾಬ್ ಸಾರ್‌ನ ಕರೀರಿ" ಎನ್ನುತ್ತಾರೆ. ನಾನು ಹೋಗಿ ಗಂಟಲು ಸರಿಮಾಡಿಕೊಂಡು "ಪರಲೋಕದಲ್ಲಿರುವ ತಂದೆಯೇ" ಎಂದು ಶುರು ಮಾಡಿದೆನೆಂದರೆ, ಕೇಕಿನ ಮೇಲಿನ ಮೇಣದಬತ್ತಿ ಕರಗಿ ಕ್ರೀಮಿಗೆ ಅಂಟಿಕೊಂಡ ಮೇಲೆಯೇ ನಿಲ್ಲಿಸುವುದು. ಹಸಿದ ಮಕ್ಕಳು ಒಂದು ಕಣ್ಣು ತೆರೆದು ಕೇಕು ನೋಡುತ್ತಿರುತ್ತವೆ. ಅದು ನನಗೆ ಹೇಗೆ ಗೊತ್ತು ಎಂದರೆ, ನಾನೂ ಒಂದು ಕಣ್ಣನ್ನು ಅರೆ ತೆರೆದಿರುತ್ತೇನೆ. ಯಾರ ಕಣ್ಣಲ್ಲಿ ನೀರು ಬಂತು ಎಂದು ನೋಡಿಕೊಳ್ಳದಿದ್ದರೆ ನನಗೆ ಮುಂದಿನ ವಾಕ್ಯ ಸರಿಯಾಗಿ ಬರುವುದಿಲ್ಲ.

ಲ್ಯಾಬ್ ಸಾರ್ ಎಂಬ ಹೆಸರು ಹೊಟ್ಟೆಪಾಡಿನಿಂದ ಬಂದದ್ದು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ರಕ್ತ ಪರೀಕ್ಷೆಯ ಲ್ಯಾಬ್ ಇದೆ. ಎಣ್ಣೆ ಮಿಲ್ಲಿನ ಸಾಹುಕಾರರಿಂದ ಹಿಡಿದು ಪಕ್ಕದ ಗ್ಯಾರೇಜಿನ ಬಾಷಾ ಭಾಯಿಯವರೆಗೆ ಊರಿನ ಅರ್ಧ ಜನರ ಸಕ್ಕರೆ ಎಷ್ಟೆಂದು ನನಗೆ ಗೊತ್ತು. ಯಾರಿಗೂ ಹೇಳಿದವನಲ್ಲ. ಒಮ್ಮೆ ಬಾಷಾ ಭಾಯಿಯ ಹೆಂಡತಿಯೇ ಬಂದು, "ಭಾಯ್, ಇವರ್ದು ಶುಗರ್ ಎಷ್ಟೈತೆ ಹೇಳ್ರಿ, ಹಬ್ಬಕ್ಕೆ ಖೀರು ಮಾಡ್ಲೋ ಬ್ಯಾಡ್ವೋ ಗೊತ್ತಾಗ್ತಿಲ್ಲ" ಎಂದು ಕೇಳಿದಾಗಲೂ, "ರಿಪೋರ್ಟು ಅವರ ಕೈಗೇ ಕೊಡೋದು ಅಕ್ಕಾ" ಎಂದು ಕಳಿಸಿಬಿಟ್ಟೆ. ಖೀರು ಮಾಡದಿದ್ದರೇ ಒಳ್ಳೆಯದಿತ್ತು, ಆ ಮಾತು ಬೇರೆ. ಒಟ್ಟಿನಲ್ಲಿ ನನ್ನ ಬಾಯಿ ಅಷ್ಟು ಗಟ್ಟಿ. ಆದರೆ ಕಣ್ಣು ಮುಚ್ಚಿ "ಕರ್ತನೇ" ಎಂದ ತಕ್ಷಣ ಇದೇ ಬಾಯಿಗೆ ಏನಾಗುತ್ತದೋ, ಒಳಗೆ ಇಟ್ಟುಕೊಂಡದ್ದೆಲ್ಲ ಹೊರಗೆ ಬರುತ್ತದೆ. ದೇವರಿಗೆ ತಾನೇ ಹೇಳುತ್ತಿರುವುದು, ಜನರಿಗಲ್ಲವಲ್ಲ ಎಂಬ ಧೈರ್ಯ.

ಮನೆಯಲ್ಲೂ ಇದೇ ಕಥೆ. ಸಂಜೆ ನಾವಿಬ್ಬರೂ ಚಾಪೆ ಹಾಸಿಕೊಂಡು ಕುಟುಂಬ ಪ್ರಾರ್ಥನೆಗೆ ಕೂರುತ್ತೇವೆ. "ಕರ್ತನೇ, ಸಾರಿಗೆ ಉಪ್ಪು ಹಾಕುವಷ್ಟು ಗಮನವನ್ನು ಈ ಮನೆಯೊಡತಿಗೆ ದಯಪಾಲಿಸು" ಎಂದು ನಾನು ಬೇಡುತ್ತೇನೆ. ಎದುರೆದುರೇ ಹೇಳಿದರೆ ಜಗಳವಾಗುವ ಮಾತು ಹೀಗೆ ಹೇಳಿದರೆ ಭಕ್ತಿಯಾಗುತ್ತದೆ. ನನ್ನ ಹೆಂಡತಿ ಗ್ರೇಸ್ ಸುಮ್ಮನಿರುವವಳಲ್ಲ. ತನ್ನ ಸರದಿ ಬಂದಾಗ, "ಕರ್ತನೇ, ಸಿಲಿಂಡರ್ ಬುಕ್ ಮಾಡ್ತೀನಿ ಅಂತ ಹೇಳಿ ಮರೆಯೋರಿಗೆ ನೆನಪಿನ ಶಕ್ತಿ ಕೊಡು" ಎಂದು ಬೇಡುತ್ತಾಳೆ. ಇಬ್ಬರೂ ಆಮೆನ್ ಎಂದು ಊಟಕ್ಕೆ ಏಳುತ್ತೇವೆ. ನಮ್ಮ ದಾಂಪತ್ಯದ ಅರ್ಧ ಜಗಳ ಪರಲೋಕದ ಮೂಲಕವೇ ಹಾದುಹೋಗಿದೆ ಎಂದರೂ ತಪ್ಪಿಲ್ಲ.

ಇಂಥ ನನ್ನನ್ನು ನಮ್ಮ ಪಾಸ್ಟರ್, ಮೊಳಕಾಲ್ಮುರಿನ ಹದಿಹರೆಯದ ಮಕ್ಕಳಿಗೆ ಪ್ರಾರ್ಥನೆ ಕಲಿಸಲು ಆರಿಸಿದರು. ಅಲ್ಲಿ ನಮ್ಮವರದು ಕೆಲವೇ ಮನೆಗಳು. ದೇವಾಲಯದ ಕಟ್ಟಡವಿಲ್ಲ, ನೇಕಾರರೊಬ್ಬರ ಮನೆಯ ಪಡಸಾಲೆಯಲ್ಲೇ ಕೂಟ ನಡೆಯುತ್ತದೆ. "ಮಕ್ಕಳು ದೊಡ್ಡೋರು ಪ್ರಾರ್ಥನೆ ಮಾಡಿದ್ರೆ ಆಮೆನ್ ಅಂತಾವೆ, ಅಷ್ಟೇ ಬ್ರದರ್. ಅವರವರೇ ದೇವರ ಹತ್ರ ಮಾತಾಡೋದು ಕಲೀಬೇಕು. ನಿಮಗೆ ಅದು ನೀರು ಕುಡಿದಂಗೆ, ನೀವೇ ಕಲಿಸ್ರಿ" ಎಂದರು. ನಾನು ಬೇಡವೆನ್ನಲಿಲ್ಲ. ಬೇಡವೆನ್ನುವ ಹಾಗೆ ಒಂದು ಸಲ ಮುಖ ಮಾಡಿ, ಆಮೇಲೆ ಒಪ್ಪಿಕೊಂಡೆ.

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಬಸ್ಸು ಹತ್ತುತ್ತಿದ್ದೆ. ಮೊದಲ ದಿನವೇ, ಒಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಯಾರಿಗೂ ಕಾಣದ ಹಾಗೆ ಪ್ರಾರ್ಥನೆ ಮಾಡಬೇಕು ಎಂದು ಬೈಬಲಿನಲ್ಲಿರುವ ಉಪದೇಶವನ್ನು ನನ್ನ ದೊಡ್ಡ ದನಿಯಲ್ಲಿ ಕೊಟ್ಟೆ. ಮಕ್ಕಳು ಮುಖ ಮುಖ ನೋಡಿಕೊಂಡರು. "ನಮ್ಮನೇಲಿ ಕೋಣೆ ಇರೋದು ಒಂದೇ ಸಾರ್, ಅದ್ರಲ್ಲಿ ಮಗ್ಗ ಐತೆ" ಎಂದಳು ಒಬ್ಬಳು. "ಬಾಗಿಲು ಇರೋದು ಬಚ್ಚಲಿಗೆ ಸಾರ್. ಅಲ್ಲಿ ಜಾಸ್ತಿ ಹೊತ್ತು ಇದ್ರೆ ಹೊರಗಿಂದ ಬಾಗಿಲು ಬಡೀತಾರೆ" ಎಂದ ಇನ್ನೊಬ್ಬ. ಅಲ್ಲೇ ಹತ್ತಿರದ ಸಿದ್ದಾಪುರದ ಕಡೆಯಿಂದ ಬರುವ ಹುಡುಗ, ತಾನು ಬಂಡೆಗಳ ಸಂದಿಯಲ್ಲಿ ಕೂತು ಪ್ರಾರ್ಥಿಸುತ್ತೇನೆಂದೂ, ಆದರೆ ಅಷ್ಟರಲ್ಲಿ ಆಡುಗಳು ಯಾರದೋ ಹೊಲಕ್ಕೆ ನುಗ್ಗುತ್ತವೆಂದೂ ಹೇಳಿದ. ಕೋಣೆಗಳಿರುವ ಮನೆಯಿಂದ ಬಂದ ನಾನು ಇದಕ್ಕೆಲ್ಲ ಏನು ಹೇಳಬೇಕೆಂದು ತಿಳಿಯದೆ, "ಮನಸ್ಸಿನಲ್ಲೇ ಬಾಗಿಲು ಹಾಕಿಕೊಳ್ಳಿ" ಎಂದುಬಿಟ್ಟೆ. ಕೇಳಲು ಚೆನ್ನಾಗಿತ್ತು. ಅದನ್ನು ಮಾಡುವುದು ಹೇಗೆಂದು ಅವರು ಕೇಳದೇ ಹೋದದ್ದು ನನ್ನ ಪುಣ್ಯ.

ಆ ಗುಂಪಿನಲ್ಲಿ ಒಬ್ಬ ಹುಡುಗಿ ಇದ್ದಳು. ಅವಳನ್ನು ಪ್ರಿಯಾ ಎಂದು ಕರೆಯುತ್ತೇನೆ, ಅದು ಅವಳ ನಿಜವಾದ ಹೆಸರಲ್ಲ. ಇಂಥ ಎಚ್ಚರ ನನಗೆ ಬಂದಿರುವುದು ತೀರಾ ಇತ್ತೀಚೆಗೆ. ಪಿಯುಸಿ ಓದುತ್ತಿದ್ದಳು. ತಾಯಿ ಮಾರ್ತಮ್ಮ ರೇಷ್ಮೆ ಸೀರೆ ನೇಯುವವರು. ತಂದೆ ಏನೋ ಮನಸ್ತಾಪ ಮಾಡಿಕೊಂಡು ಆಂಧ್ರದ ಕಡೆ ಮಗ್ಗದ ಕೆಲಸಕ್ಕೆ ಹೋದವನು ವಾಪಸ್ಸು ಬಂದಿರಲಿಲ್ಲ. ನಮ್ಮಲ್ಲಿ ಆರಾಧನೆಯ ಹೊತ್ತಿಗೆ ಯಾರಿಗೆ ಏನು ಕಷ್ಟವಿದೆಯೋ ಅದನ್ನು ಎದ್ದುನಿಂತು ಹೇಳುವ ಪದ್ಧತಿ ಇದೆ. ಅದಕ್ಕೆ ಪ್ರಾರ್ಥನಾ ವಿಷಯ ಕೊಡುವುದು ಎನ್ನುತ್ತೇವೆ. ಮಾರ್ತಮ್ಮ ಪ್ರತಿ ಸಲ ಎದ್ದು, "ನಮ್ಮ ಯಜಮಾನ್ರು ಮನೆಗೆ ಬರ್ಲಿ ಅಂತ ಬೇಡ್ಕೊಳ್ರಿ" ಎನ್ನುತ್ತಿದ್ದರು. ನಾವೆಲ್ಲ ಬೇಡಿಕೊಳ್ಳುತ್ತಿದ್ದೆವು.

ಒಂದು ಭಾನುವಾರ ಪಾಠ ಮುಗಿದ ಮೇಲೆ ಪ್ರಿಯಾ ನನ್ನ ಜೊತೆ ಬಸ್ ನಿಲ್ದಾಣದವರೆಗೆ ಬಂದಳು. "ಸಾರ್, ಒಂದು ಕೇಳ್ಲಾ? ಯಾರಿಗೂ ಹೇಳ್ಬಾರ್ದು" ಎಂದಳು. "ನಾನು ಲ್ಯಾಬ್ ಇಟ್ಟಿರೋನು ಕಣಮ್ಮ" ಎಂದೆ ಹೆಮ್ಮೆಯಿಂದ.

"ಅವ್ವ ನೂಲು ತರಾಕೆ ಹೋದಾಗ ನಾನು ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕುಂತು ಪ್ರಾರ್ಥನೆ ಮಾಡ್ತೀನಿ ಸಾರ್. ಅವ್ವ ಅಪ್ಪ ಬರ್ಲಿ ಅಂತಾಳೆ. ನಾನು ಬರೋದು ಬ್ಯಾಡ ಅಂತೀನಿ. ಒಂದೇ ಮನೆಯಿಂದ ಎರಡು ಹೋಗ್ತಾವೆ. ದೇವರು ಯಾರ್ದು ಕೇಳ್ತಾನೆ?"

"ಯಾಕಮ್ಮ, ಹೊಡೀತಿದ್ರಾ?"

"ಇಲ್ಲ ಸಾರ್. ಹೊಡೆಯಲ್ಲ, ಕುಡಿಯಲ್ಲ. ಆದ್ರೆ ಅಪ್ಪ ಇದ್ರೆ ಮನೇಲಿ ಯಾರೂ ನಗಂಗಿಲ್ಲ. ಪಕ್ಕದ್ಮನೆ ಅಕ್ಕ ಬಂದು ಏನಾರ ತಮಾಷೆ ಮಾಡಿದ್ರೂ ಅವ್ವ ಬಾಯಿಗೆ ಸೆರಗು ಹಿಡ್ಕಂತಿದ್ಲು. ಈಗ ಜೋರಾಗಿ ನಗ್ತಾಳೆ ಸಾರ್. ಬೀದಿ ತುದಿಗೆ ಕೇಳುತ್ತೆ. ನಂಗೆ ಕಾಲೇಜಿಂದ ಬರೋವಾಗ ಅದು ಕೇಳ್ಬೇಕು ಅನ್ಸುತ್ತೆ."

"ದೇವರಿಗೆ ಎರಡೂ ಅರ್ಥ ಆಗುತ್ತಮ್ಮ. ನೀನು ಹೇಳೋದನ್ನ ನಿಲ್ಲಿಸಬೇಡ" ಎಂದೆ. ಇಡೀ ಪಾಠದಲ್ಲಿ ನಾನು ಆಡಿದ ನೆಟ್ಟಗಿನ ಮಾತು ಅದೊಂದೇ. ಅಲ್ಲಿಗೇ ನಿಲ್ಲಿಸಿ ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ.

ತಿಂಗಳಿಗೊಮ್ಮೆ ಮೊಳಕಾಲ್ಮುರಿನವರೆಲ್ಲ ಟೆಂಪೋ ಮಾಡಿಕೊಂಡು ಚಳ್ಳಕೆರೆಯ ಆರಾಧನೆಗೆ ಬರುತ್ತಾರೆ. ಆ ಸಲವೂ ಬಂದರು. ಮಾರ್ತಮ್ಮ ಎದ್ದು ಎಂದಿನ ವಿಷಯ ಕೊಟ್ಟರು. "ಬ್ರದರ್, ನೀವು ನಡೆಸ್ರಿ" ಎಂದು ಪಾಸ್ಟರ್ ಮೈಕು ನನ್ನ ಕೈಗೆ ಕೊಟ್ಟರು. ಶುರು ಮಾಡಿದೆ. ಅರೆ ತೆರೆದ ಕಣ್ಣಿನಿಂದ ನೋಡಿದರೆ ಮಾರ್ತಮ್ಮನ ಕಣ್ಣು ತುಂಬಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಸೀಟಿದರು. ಅಷ್ಟು ಸಾಕಾಯಿತು. "ಕರ್ತನೇ, ಒಂದೇ ಮನೆಯಿಂದ ನಿನ್ನ ಸನ್ನಿಧಿಗೆ ಎರಡು ಪ್ರಾರ್ಥನೆಗಳು ಬರುತ್ತಿವೆ. ಬರಲಿ ಎಂದು ತಾಯಿ ಅಳುತ್ತಾಳೆ, ಬರುವುದೇ ಬೇಡ ಎಂದು ಮಗಳು ಬೇಡುತ್ತಾಳೆ. ಕಲ್ಲಾದ ಆ ಎಳೆಯ ಹೃದಯವನ್ನು ಕರಗಿಸು ತಂದೆಯೇ" ಎಂದು ನನ್ನ ಬಾಯಿ ಹೇಳಿತು. ಹೆಸರು ಹೇಳಲಿಲ್ಲ. ಹೆಸರು ಹೇಳದಿದ್ದರೆ ಗುಟ್ಟು ಉಳಿಯಿತೆಂದೇ ನಾನು ತಿಳಿದಿದ್ದೆ. ಗಂಡ ಊರುಬಿಟ್ಟ ಮನೆ ಆ ಸಭೆಯಲ್ಲಿ ಇದ್ದದ್ದೇ ಒಂದು ಎಂಬುದು ನನಗೆ ಹೊಳೆದದ್ದು, ಎಲ್ಲರ ಕಣ್ಣುಗಳೂ ತೆರೆದು ಒಂದೇ ಕಡೆ ತಿರುಗಿದಾಗ. ಮಾರ್ತಮ್ಮ ಮಗಳನ್ನು ನೋಡಿದರು. ಮಗಳು ನನ್ನನ್ನು ನೋಡಿದಳು. ಬೈದಿದ್ದರೂ ಸಹಿಸಬಹುದಿತ್ತು, ಆ ನೋಟ ಸಹಿಸಲಾಗಲಿಲ್ಲ. ಅವಳು ಎದ್ದು ಹೊರಗೆ ಹೋಗಿ ಟೆಂಪೋದಲ್ಲಿ ಕೂತಳು. ಆಮೆನ್ ಎನ್ನಲು ಬಾಯಿ ತೆರೆದರೆ ಮೈಕಿನಲ್ಲಿ ನನ್ನ ಉಸಿರು ಮಾತ್ರ ಕೇಳಿತು.

ಮನೆಗೆ ನಡೆದು ಬರುವಾಗ ಗ್ರೇಸ್, "ಆ ಹುಡುಗಿ ನಿಮಗೆ ಗುಟ್ಟಾಗಿ ಹೇಳಿದ್ದಾ?" ಎಂದಳು.

"ನಾನೇನು ಬೀದೀಲಿ ಹೇಳಿದ್ನಾ? ದೇವರಿಗೆ ಹೇಳಿದ್ದು."

"ದೇವರಿಗೆ ಅವಳೇ ಹೇಳಿದ್ಲಲ್ಲ. ಮತ್ತೆ ನೀವ್ಯಾಕೆ ಹೇಳಾಕೆ ಹೋದ್ರಿ?"

ಆ ಸಂಜೆ ಚಾಪೆಯ ಮೇಲೆ ಅವಳು ಕರ್ತನ ಮೂಲಕ ನನಗೆ ಏನನ್ನೂ ಹೇಳಿ ಕಳಿಸಲಿಲ್ಲ. ಹೇಳಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮುಂದಿನ ಪಾಠಕ್ಕೆ ಪ್ರಿಯಾ ಬರಲಿಲ್ಲ. ಉಳಿದವರು ಬಂದರು. ಆದರೆ "ಹೇಗಿದೆ ಪ್ರಾರ್ಥನೆ?" ಎಂದು ಕೇಳಿದರೆ ಎಲ್ಲರೂ ಒಂದೇ ದನಿಯಲ್ಲಿ "ಚೆನ್ನಾಗೈತೆ ಸಾರ್" ಎಂದರು. ಸಿದ್ದಾಪುರದ ಹುಡುಗ ಆಡುಗಳ ಸುದ್ದಿಯನ್ನು ಸಹ ಬಾಯಿಬಿಡಲಿಲ್ಲ. ನನಗೆ ಏನು ಸಿಕ್ಕರೂ ಅದು ಮೈಕಿಗೆ ಹೋಗುತ್ತದೆಂದು ಆ ಮಕ್ಕಳಿಗೆ ತಿಳಿದುಹೋಗಿತ್ತು. ಅವತ್ತು ಪಾಠವನ್ನು ಬೇಗ ಮುಗಿಸಿ, ನಾಚಿಕೆಯಿಂದ ಕಾಲೆಳೆಯುತ್ತಾ ಮಾರ್ತಮ್ಮನ ಮನೆಗೆ ಹೋದೆ.

ಮಾರ್ತಮ್ಮ ಮಗ್ಗದಿಂದ ಎದ್ದು ಸ್ಟೂಲು ಹಾಕಿದರು. ಪ್ರಿಯಾ ಗೋಡೆಗೆ ಒರಗಿ ನಿಂತಿದ್ದಳು. "ತಪ್ಪಾಯ್ತಮ್ಮ, ಇಬ್ಬರ ಹತ್ರಾನೂ ಕ್ಷಮೆ ಕೇಳೋಕೆ ಬಂದೆ" ಎಂದೆ. ಬಸ್ಸಿನಲ್ಲಿ ಇದಕ್ಕಿಂತ ಉದ್ದವಾಗಿ ತಯಾರಾಗಿ ಬಂದಿದ್ದೆ, ಬಾಯಿಗೆ ಬಂದದ್ದು ಇಷ್ಟೇ. "ಅಯ್ಯೋ, ಬಿಡ್ರಿ ಸಾರ್, ದೇವುಡು ಚೂಸುಕುಂಟಾಡು" ಎಂದು ಮಾರ್ತಮ್ಮ ತೆಲುಗಿನಲ್ಲಿ ಎಲ್ಲವನ್ನೂ ದೇವರೇ ನೋಡಿಕೊಳ್ಳಲೆಂದು ಬಿಟ್ಟು ಕಾಫಿ ಮಾಡಲು ಹಿತ್ತಲ ಕಡೆ ಹೋದರು. ಆಗ ಪ್ರಿಯಾ ಮೆಲ್ಲಗೆ, "ಅವ್ವ ನಂಗೆ ಬೈಲಿಲ್ಲ ಸಾರ್. ಯಾಕೆ ಬ್ಯಾಡ ಅಂದೆ ಅಂತ ಕೇಳಿದ್ಲು, ಹೇಳಿಬಿಟ್ಟೆ. ಆದ್ರೆ ಈಗ ನಗಲ್ಲ. ಅಪ್ಪ ಇಲ್ದಾಗ ನಗೋದನ್ನ ನಾನು ನೋಡ್ತಿದ್ದೆ ಅಂತ ಗೊತ್ತಾಯ್ತಲ್ಲ. ನಗು ಬಂದ್ರೆ ಮತ್ತೆ ಸೆರಗು ಹಿಡ್ಕಂತಾಳೆ" ಎಂದಳು.

ಅವಳ ಗುಟ್ಟನ್ನಷ್ಟೇ ಬಯಲು ಮಾಡಿದೆ ಎಂದುಕೊಂಡಿದ್ದೆ. ಆ ಮಗು ದೇವರ ಹತ್ತಿರ ಯಾವುದನ್ನು ಉಳಿಸಿಕೊಡು ಎಂದು ಕೇಳುತ್ತಿತ್ತೋ ಅದನ್ನೇ ನಾನು ಕಿತ್ತುಕೊಂಡಿದ್ದೆ. ಮಾರ್ತಮ್ಮ ತಂದ ಕಾಫಿಯನ್ನು ತಲೆ ಎತ್ತದೆ ಕುಡಿದೆ.

ಹೊರಡಲು ಎದ್ದೆ. ನಮ್ಮವರ ಮನೆಗೆ ಹೋದವರು ಪ್ರಾರ್ಥನೆ ಮಾಡದೆ ಹೊಸ್ತಿಲು ದಾಟುವಂತಿಲ್ಲ. "ಒಂದು ಪ್ರಾರ್ಥನೆ ಮಾಡಿ ಹೋಗ್ರಿ ಸಾರ್" ಎಂದರು ಮಾರ್ತಮ್ಮ, ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡು. ನಾನು ಎರಡೂ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿದೆ. "ಪರಲೋಕದಲ್ಲಿರುವ ತಂದೆಯೇ, ಈ ಮನೆಯ..." ಎಂದು ಶುರು ಮಾಡಿ ನಿಲ್ಲಿಸಿದೆ. ಈ ಮನೆಯ ಯಾವ ವಿಷಯ ಎತ್ತಿದರೂ ಅದು ಯಾರದೋ ಗುಟ್ಟು. "ಈ ತಾಯಿಯ..." ಎಂದೆ, ಅದನ್ನೂ ನುಂಗಿಕೊಂಡೆ. "ಈ ಮಗಳ..." ಎಂದೆ, ಬೆವರು ಬಂತು. ಯಾರಿಗೂ ನೋವಾಗದ ವಿಷಯವೊಂದು ಬೇಕಲ್ಲ ಎಂದು ಹುಡುಕಾಡಿ, "ಈ ಕಾಫಿಗಾಗಿ ಸ್ತೋತ್ರ" ಎಂದೆ. ಮುಂದೆ ಏನೂ ತೋಚಲಿಲ್ಲ. "ಈ ಲೋಟಕ್ಕಾಗಿ ಸ್ತೋತ್ರ" ಎಂದೆ. ಮತ್ತೂ ಸ್ವಲ್ಪ ತಡೆದು, "ಈ... ಸ್ಟೂಲಿಗಾಗಿ ಸ್ತೋತ್ರ" ಎಂದೆ.

ಮೊದಲು ಉಸಿರು ಬಿಗಿಹಿಡಿದ ಸದ್ದು. ಆಮೇಲೆ ಮಾರ್ತಮ್ಮನ ನಗು ಒಡೆದು ಬಂತು. ಬೀದಿ ತುದಿಗೆ ಕೇಳುತ್ತದೆ ಎಂದು ಹುಡುಗಿ ಹೇಳಿದ್ದು ಸುಳ್ಳಲ್ಲ. ನಿಂತಿತು ಎನ್ನುವಷ್ಟರಲ್ಲಿ "ಸ್ಟೂಲಿಗೆ" ಎಂದು ತೊದಲಿ ಮತ್ತೆ ನಕ್ಕರು. ಕಣ್ಣು ತೆರೆದು ತಾಯಿ-ಮಗಳಿಬ್ಬರನ್ನೂ ನೋಡಬೇಕೆಂದು ನನ್ನ ಜೀವ ಒದ್ದಾಡಿತು. ತೆರೆಯಲಿಲ್ಲ. ಪ್ರಾರ್ಥನೆಯಲ್ಲಿ ಎರಡೂ ಕಣ್ಣು ಮುಚ್ಚಿ ನಿಂತದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ನನ್ನಿಂದ ಮುಂದೆ ಏನೂ ಆಗುವುದಿಲ್ಲವೆಂದು ಕಂಡು ಪ್ರಿಯಾಳೇ "ಆಮೆನ್" ಎಂದು ಮುಗಿಸಿದಳು.

ಬಾಗಿಲವರೆಗೆ ಬಂದವಳು ದನಿ ತಗ್ಗಿಸಿ, "ಸಾರ್, ಇದನ್ನ ಸಭೇಲಿ ಹೇಳ್ಬ್ಯಾಡ್ರಿ" ಎಂದಳು.

"ಇಲ್ಲಮ್ಮ."

"ಪ್ರಾರ್ಥನೇಲೂ."

"ಪ್ರಾರ್ಥನೇಲೂ ಇಲ್ಲಮ್ಮ."

ಅವಳು ನಂಬಲಿಲ್ಲ. ಆದರೂ ನಾನು ಮಾತು ಉಳಿಸಿಕೊಂಡಿದ್ದೇನೆ. ಸಭೆಯಲ್ಲಿ ಹೇಳಿಲ್ಲ, ಪಾಸ್ಟರಿಗೆ ಹೇಳಿಲ್ಲ, ಗ್ರೇಸ್‌ಗೂ ಹೇಳಿಲ್ಲ. ಮೈಕು ಕೈಗೆ ಬಂದಾಗಲೆಲ್ಲ ನಾಲಿಗೆಯ ತುದಿಯವರೆಗೆ ಬಂದದ್ದನ್ನು ಕಚ್ಚಿ ಹಿಡಿದಿದ್ದೇನೆ. ಬರೆಯಬಾರದೆಂದು ಮಾತ್ರ ಹುಡುಗಿ ಹೇಳಿರಲಿಲ್ಲ ಎಂಬ ನೆಪ ಹುಡುಕಿಕೊಂಡು ಈಗ ಇಷ್ಟುದ್ದ ಬರೆದು ಕೂತಿದ್ದೇನೆ, ನಾಚಿಕೆಗೇಡಿ. ನೀವಾದರೂ ಯಾರಿಗೂ ಹೇಳಬೇಡಿ.